ಸುಬೇದಾರನನ್ನು ಎತ್ತುವವರು

ನಮ್ಮೂರಿಗೆ ಹೊಸಬರು ಬಂದರೆ ಮೊದಲು ಎಡವುವುದು ಕಟ್ಟೆಗಳನ್ನು. ಜಗಲಿಕಟ್ಟೆ, ತುಳಸಿಕಟ್ಟೆ ಎಲ್ಲ ಊರಲ್ಲೂ ಇರುತ್ತವೆ, ಆ ಮಾತು ಬಿಡಿ. ನಮ್ಮಲ್ಲಿ ಕಟ್ಟೆ ಇರಬಾರದ ಕಡೆ ಇರುತ್ತದೆ. ವಕೀಲ ಪಂಚಾಕ್ಷರಿಯವರ ಅಡಿಗೆಮನೆಯಲ್ಲಿ ಒಲೆಯ ಎದುರಿಗೇ ಮೊಣಕಾಲೆತ್ತರದ ಕಟ್ಟೆಯಿದೆ. ಅವರ ಹೆಂಡತಿ ಅದರಾಚೆ ನಿಂತು, ಬಗ್ಗಿ ಬಗ್ಗಿ ಸಾರು ಕುದಿಸಿ ಸೊಂಟ ಹಿಡಿಸಿಕೊಂಡಿದ್ದಾರೆ. ಕೇಳಿದರೆ, ‘ತರಕಾರಿ ಹೆಚ್ಚೋಕೆ ಅನುಕೂಲ ಅಂತ ಕಟ್ಟಿಸಿದ್ವಿ’ ಅನ್ನುತ್ತಾರೆ. ನಿವೃತ್ತ ಹೆಡ್‌ಮಾಸ್ತರರ ನಡುಮನೆಯಲ್ಲಿರುವುದಕ್ಕೆ ಯೋಗಪೀಠ ಅಂತ ಹೆಸರು. ಮಾಸ್ತರರು ಅದರ ಮೇಲೆ ಚಾಪೆ ಹಾಸಿ ದಿನಾ ಪದ್ಮಾಸನ ಹಾಕುತ್ತಾರೆ. ಒಳಗೆ ಮಲಗಿರುವುದು ಅವರ ಬೆಕ್ಕು ಅಂತ ಊರಿನ ಕೂಸಿಗೂ ಗೊತ್ತು.

ನಮ್ಮೂರಲ್ಲಿ ಸಾಕಿದ ಪ್ರಾಣಿ ಮನೆಯಲ್ಲಿ ಸತ್ತರೆ, ಅದು ಯಾರನ್ನು ತನ್ನವರು ಅಂದುಕೊಂಡಿತ್ತೋ ಅವರೊಬ್ಬರೇ ಅದನ್ನು ಎತ್ತಬಲ್ಲರು. ಮಿಕ್ಕವರು ಹಾರೆ ಹಾಕಿ ಮೀಟಿದರೂ ಜಪ್ಪಯ್ಯ ಅನ್ನುವುದಿಲ್ಲ. ಎತ್ತುವವರು ಸಿಗದಿದ್ದರೆ ಉಪ್ಪು, ಸುಣ್ಣ ಸುರಿದು, ಸುತ್ತ ಇಟ್ಟಿಗೆ ಕಟ್ಟಿ, ಮೇಲೆ ಗಾರೆ ಬಳಿದು ಸುಮ್ಮನಾಗಬೇಕು. ಪೋಸ್ಟ್ ಮಾಸ್ತರರ ಮನೆಯ ಗಾಜಿನ ತೊಟ್ಟಿಯಲ್ಲಿ ಹೆಬ್ಬೆರಳುದ್ದದ ಬಣ್ಣದ ಮೀನು ಸತ್ತಾಗ ಗಂಡ, ಹೆಂಡತಿ, ಮಕ್ಕಳು, ಭಾವಮೈದುನ ಎಲ್ಲರೂ ಚಮಚ ಹಿಡಿದು ಬೆವರು ಸುರಿಸಿದರು. ಮೀನು ಮಿಸುಕಲಿಲ್ಲ. ಕೊನೆಗೆ ತೊಟ್ಟಿಯ ಸಮೇತ ಕಟ್ಟೆ ಆಯಿತು. ಈಗ ಅದರ ಮೇಲೆ ರೇಡಿಯೋ ಇಟ್ಟಿದ್ದಾರೆ.

ಹಾಗಂತ ಜನ ಪ್ರಾಣಿ ಸಾಕುವುದನ್ನು ಬಿಟ್ಟರೇ? ಎಲ್ಲಿ ಬಿಡುತ್ತಾರೆ! ನಾಯಿ ಇಲ್ಲದ ಮನೆಯವರು ಹೆದರಿದ್ದಾರೆ ಅಂತ ಊರು ಆಡಿಕೊಳ್ಳುತ್ತದಲ್ಲ. ಬದಲಿಗೆ ಬೇರೆ ಉಪಾಯ ಕಂಡುಕೊಂಡರು. ನಾಯಿಗೆ ವಯಸ್ಸಾಗುವವರೆಗೂ ಒದೆಯುವುದು, ಕುಂಟಲು ಶುರುಮಾಡಿದ ಮೇಲೆ ಮನೆಮಂದಿಯೆಲ್ಲ ಸುತ್ತ ಕೂತು ಬಿಸ್ಕತ್ತು ತಿನ್ನಿಸುವುದು. ‘ನನ್ನ ಕೈಯಿಂದ ತಿಂತು’, ‘ಇಲ್ಲ, ನನ್ನ ಕೈಯಿಂದ’ ಅಂತ ಜಗಳ ಬೇರೆ. ಗಾರೆ ಮೇಸ್ತ್ರಿ ಮುನಿತಿಮ್ಮ ರಸ್ತೆಯಲ್ಲಿ ಸಿಕ್ಕಿದವರ ಆರೋಗ್ಯ ಕೇಳುವುದಿಲ್ಲ, ‘ನಾಯಿ ಹೆಂಗೈತೆ ಸ್ವಾಮಿ?’ ಅಂತ ಕೇಳುತ್ತಾನೆ. ಹೆಣ್ಣು ಕೊಡುವವರು ಗಂಡಿನ ಮನೆಗೆ ಹೋದರೆ ಮೊದಲು ಕಟ್ಟೆ ಹುಡುಕುತ್ತಾರೆ, ಆಮೇಲೆ ಗಂಡು. ಮನುಷ್ಯರಿಗೆ ಈ ಕಾಯಿದೆ ಇಲ್ಲ, ನಮ್ಮ ಪುಣ್ಯ. ಸತ್ತಮೇಲೆ ನಮ್ಮನ್ನು ಯಾರು ಬೇಕಾದರೂ ಎತ್ತಬಹುದು. ಇದ್ದಿದ್ದರೆ ಊರಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ.

ನಾನು ವಿರೂಪಾಕ್ಷ. ಸೋಡಾ ಫ್ಯಾಕ್ಟರಿ ಶ್ರೀಕಂಠಯ್ಯನವರ ಹೆಂಡತಿಯ ತಮ್ಮ. ಬೇರೆ ಏನು ಕೆಲಸ ಅಂತ ಕೇಳಬೇಡಿ, ಇಲ್ಲ. ಹೆಂಡತಿ ಹೋದ ಮೇಲೆ ಅಕ್ಕನ ಮನೆ ಸೇರಿದೆ. ಎರಡು ಹೊತ್ತು ಊಟ, ಹಿಂದಿನ ಕೋಣೆಯಲ್ಲಿ ಹಾಸಿಗೆ. ಅದಕ್ಕೆ ಬದಲಾಗಿ ಅಕ್ಕ ಹೇಳಿದ್ದಕ್ಕೆಲ್ಲ ಹೌದು ಅನ್ನಬೇಕು. ಅಕ್ಕ ಪಂಕಜಾಕ್ಷಮ್ಮ ದಿನಕ್ಕೆ ಬಹಳ ಹೇಳುತ್ತಾಳೆ, ಆದ್ದರಿಂದ ನಾನು ಸೋಮಾರಿ ಅನ್ನುವವರು ನನ್ನ ದುಡಿಮೆಯನ್ನು ನೋಡಿದವರಲ್ಲ. ಭಾವನವರು ಒಳ್ಳೆಯವರು. ಅಂದರೆ ಮಾತಾಡುವುದಿಲ್ಲ. ಒಬ್ಬನೇ ಮಗ ಉಮಾಪತಿ. ಆ ಉಮಾಪತಿಯ ಹೆಂಡತಿ ನಳಿನಿ. ಆಮೇಲೆ ಸುಬೇದಾರ, ಮನೆಯ ನಾಯಿ. ಕಂದು ಬಣ್ಣ, ಒಂದು ಕಿವಿ ನಿಮಿರು, ಒಂದು ಕಿವಿ ಜೋಲು.

ಸುಬೇದಾರನನ್ನು ಬೀದಿಯಿಂದ ಎತ್ತಿ ತಂದವನು ಉಮಾಪತಿಯೇ. ಪುರಸಭೆಯ ಚುನಾವಣೆಗೆ ನಿಂತಾಗ ಒಂದು ಕರಪತ್ರ ಮಾಡಿಸಿದ್ದ. ಅದರಲ್ಲಿ ನಾಯಿಮರಿಯನ್ನು ಎದೆಗವಚಿಕೊಂಡ ಫೋಟೋ, ಕೆಳಗೆ ‘ಮೂಕಪ್ರಾಣಿಗಳ ಬಂಧು’ ಅಂತ ದಪ್ಪಕ್ಷರ. ಫೋಟೋ ತೆಗೆದದ್ದೇ ತಡ, ಮರಿಯನ್ನು ಕೆಳಗಿಟ್ಟು ಸೋಪು ಹಾಕಿ ಕೈ ತೊಳೆದುಕೊಂಡ. ಅದರ ಕಿವಿಯ ಉಣ್ಣೆ ಕಿತ್ತವಳು, ಕಜ್ಜಿಗೆ ಬೇವಿನೆಣ್ಣೆ ಹಚ್ಚಿದವಳು, ತಾನು ತಿನ್ನುವ ರೊಟ್ಟಿಯಲ್ಲಿ ಅರ್ಧ ಮುರಿದು ಹಾಕಿದವಳು ನಳಿನಿ. ಅವಳೂ ಆ ವರ್ಷವೇ ಮನೆಗೆ ಬಂದವಳು. ಒಂದೇ ವರ್ಷ ಬಂದ ಇಬ್ಬರನ್ನೂ ಅಕ್ಕ ಒಂದೇ ಸಮ ಗದರುತ್ತಿದ್ದಳು.

ಚುನಾವಣೆಯಲ್ಲಿ ಉಮಾಪತಿ ಸೋತ. ಬರೀ ಸೋತಿದ್ದರೆ ಸಹಿಸಬಹುದಿತ್ತು, ಠೇವಣಿಯೂ ಹೋಯಿತು. ಸೋತದ್ದಕ್ಕೆ ಕಾರಣ ಬೇಕಲ್ಲ. ಓಟು ಹಾಕದವರನ್ನು ಬೈಯೋಣವೆಂದರೆ ಅವರೇ ಸೋಡಾ ಕುಡಿಯುವವರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸೊಸೆಯ ಕಾಲ್ಗುಣ ಸರಿಯಿಲ್ಲ ಅಂತ ಅಕ್ಕ ಕಂಡುಹಿಡಿದಳು. ಆಮೇಲೆ ಫ್ಯಾಕ್ಟರಿಯಲ್ಲಿ ಬಾಟಲಿ ಒಡೆದರೂ, ಹಾಲು ಉಕ್ಕಿದರೂ, ಭಾವನವರಿಗೆ ಕೆಮ್ಮು ಬಂದರೂ ಅದೇ ಕಾಲ್ಗುಣ. ಒಂದು ದಿನ ‘ಸ್ವಲ್ಪ ದಿನ ತವರಲ್ಲಿ ಇದ್ದು ಬಾರಮ್ಮ, ಮನಸ್ಸಿಗೂ ಹಗುರ ಆಗುತ್ತೆ’ ಅಂತ ಆಟೋ ತರಿಸಿದಳು. ಯಾರ ಮನಸ್ಸಿಗೆ ಅಂತ ನಳಿನಿ ಕೇಳಲಿಲ್ಲ. ಉಮಾಪತಿ ಸ್ನಾನದ ಮನೆಯಲ್ಲಿದ್ದ, ಆಟೋ ಹೋಗುವವರೆಗೂ ಈಚೆಗೆ ಬರಲಿಲ್ಲ.

ಆಟೋ ಹಿಂದೆ ಸುಬೇದಾರ ತಿರುವಿನವರೆಗೂ ಓಡಿದ. ವಾಪಸು ಬಂದು ಮುಂಬಾಗಿಲ ಹೊಸ್ತಿಲ ಮೇಲೆ ಅಡ್ಡ ಮಲಗಿದ, ಮುಖ ಬೀದಿಯ ಕಡೆ. ಅನ್ನ ಹಾಕಿದರೆ ಮೂಸಿ ಬಿಟ್ಟುಬಿಡುತ್ತಿದ್ದ. ಆಟೋ ಸದ್ದು ಕೇಳಿದರೆ ಮಾತ್ರ ಜೋಲು ಕಿವಿಯೂ ನಿಮಿರುತ್ತಿತ್ತು. ‘ಏ ಶನಿ, ದಾರಿ ಬಿಡು’ ಅಂತ ಅಕ್ಕ ಪೊರಕೆಯಿಂದ ತಳ್ಳುತ್ತಿದ್ದಳು. ಅಷ್ಟರಲ್ಲಿ ಹೊಸ ಸಂಬಂಧದ ಮಾತು ಶುರುವಾಗಿತ್ತು. ಮರದ ಡಿಪೋ ರುದ್ರಾರಾಧ್ಯರ ಮಗಳು, ವಿನುತ. ‘ಮೊದಲನೆಯವಳು ತಾನಾಗಿಯೇ ಬಿಟ್ಟು ಹೋದಳು. ಅವಳಿಗೆ ಪ್ರಾಣಿಗಳನ್ನ ಕಂಡರಾಗದು, ನಾಯಿಗೆ ಕಲ್ಲು ಹೊಡೀತಿದ್ದಳು. ನಮ್ಮ ಹುಡುಗನ ಸ್ವಭಾವ ನಿಮಗೆ ಗೊತ್ತೇ ಇದೆ, ಹೇಗೆ ಹೊಂದಾಣಿಕೆ ಆಗುತ್ತೆ ಹೇಳಿ’ ಅಂತ ಅಕ್ಕ ಹೇಳಿ ಕಳಿಸಿದ್ದಳು. ಹೇಳಿ ಬಂದವನು ನಾನೇ. ಅವರು ಮನೆ ನೋಡಲು ಬರುವ ದಿನವೂ ಗೊತ್ತಾಯಿತು. ಅದರ ಹಿಂದಿನ ದಿನ ಬೆಳಿಗ್ಗೆ ಸುಬೇದಾರ ಹೊಸ್ತಿಲ ಮೇಲೆಯೇ ಸತ್ತಿದ್ದ.

ಬೇರೆಯವರಾಗಿದ್ದರೆ ಬಾಗಿಲಿಗೆ ಏನಾದರೂ ಮರೆ ಮಾಡಿ ಗುಟ್ಟಾಗಿ ಎತ್ತಿ ನೋಡುತ್ತಿದ್ದರು. ಉಮಾಪತಿ ಮೂಕಪ್ರಾಣಿಗಳ ಬಂಧು ಅಲ್ಲವೇ? ಬ್ಯಾಂಡು ಹೇಳಿ ಕಳಿಸಿದ. ತಳ್ಳುಗಾಡಿಗೆ ಬಾಳೆಕಂದು ಕಟ್ಟಿಸಿದ, ಫೋಟೋದವನನ್ನು ಕರೆಸಿದ. ‘ಮಾವ, ಮುಂದಿನ ಸಲದ ಚುನಾವಣೆ ಇವತ್ತೇ ಅರ್ಧ ಗೆದ್ದ ಹಾಗೆ’ ಅಂದ.

‘ಮೊದಲು ಒಂದು ಸಲ ಎತ್ತಿ ನೋಡಪ್ಪ, ಬ್ಯಾಂಡು ಆಮೇಲೆ ಬರಲಿ’ ಅಂದೆ.

‘ನಾನು ತಂದ ನಾಯಿ, ನಾನು ಎತ್ತೋಕಾಗಲ್ವಾ? ಅಪಶಕುನ ಮಾತಾಡಬೇಡಿ ಮಾವ.’

ಬೀದಿ ತುಂಬ ಜನ ಸೇರಿದರು. ಬ್ಯಾಂಡಿನವರು ಶೋಕದ ಹಾಡು ಶುರುಮಾಡಿದರು. ಅಕ್ಕ ಜರಿಸೀರೆ ಉಟ್ಟು ಬಂದು, ‘ನನ್ನ ಹೊಟ್ಟೇಲಿ ಹುಟ್ಟಿದ ಮಗನ ಹಾಗಿದ್ಯಲ್ಲೋ ಸುಬೇದಾರಾ!’ ಅಂತ ಸೆರಗು ಬಾಯಿಗಿಟ್ಟುಕೊಂಡಳು. ಉಮಾಪತಿ ಹಾರ ಹಾಕಿದ, ಫೋಟೋದವನ ಕಡೆ ನೋಡಿದ, ಬಗ್ಗಿದ, ನಾಯಿಯ ಹೊಟ್ಟೆಯ ಕೆಳಗೆ ಕೈ ಕೊಟ್ಟ. ಮುಖ ಕೆಂಪಾಯಿತು. ಕತ್ತಿನ ನರ ಉಬ್ಬಿತು. ಎಲ್ಲಿಂದಲೋ ಪಂಚೆ ಪರ್ ಅಂತ ಹರಿದ ಸದ್ದು ಬಂತು. ಸುಬೇದಾರನ ಮೀಸೆಯ ಕೂದಲೂ ಅಲುಗಲಿಲ್ಲ.

‘ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಹುಡುಗ, ದುಃಖ, ಕೈಯಲ್ಲಿ ಶಕ್ತಿ ಇಲ್ಲ’ ಅಂತ ಅಕ್ಕ ಎಲ್ಲರಿಗೂ ಕೇಳುವ ಹಾಗೆ ಹೇಳಿ ತಾನು ಬಗ್ಗಿದಳು. ಆಗಲಿಲ್ಲ. ಭಾವನವರನ್ನು ಕಣ್ಣಲ್ಲೇ ಕರೆದಳು. ಭಾವನವರು ಒಂದು ಬೆರಳಿಂದ ಮುಟ್ಟಿ, ಮಾತಿಲ್ಲದೆ ಒಳಗೆ ಹೋದರು. ಆಮೇಲೆ ನಾನು. ನಿಜ ಹೇಳಿಬಿಡುತ್ತೇನೆ, ನನಗೆ ಒಳಗೊಳಗೇ ಭರವಸೆ ಇತ್ತು. ಈ ಮನೆಯಲ್ಲಿ ಗದರಿಸಿಕೊಂಡು ಉಣ್ಣುವವರು ನಾವಿಬ್ಬರೇ ಉಳಿದಿದ್ದೆವು, ಸಂಜೆ ಜಗಲಿಯಲ್ಲಿ ಜೊತೆಗೇ ಕೂರುತ್ತಿದ್ದೆವು. ನನ್ನನ್ನಾದರೂ ತನ್ನವನು ಅಂದುಕೊಂಡಿದ್ದಾನು ಅಂತ ಎರಡು ಕೈಯನ್ನೂ ಕೊಟ್ಟೆ. ಮನೆಯ ಅಡಿಪಾಯವನ್ನೇ ಎತ್ತಲು ಹೋದ ಹಾಗಾಯಿತು. ನನಗೆ ಅಳು ಬಂತು. ಜನ ಅದನ್ನು ನಾಯಿ ಸತ್ತ ಅಳು ಅಂದುಕೊಂಡರು.

ಬ್ಯಾಂಡಿನವರು ಯಾವಾಗ ನಿಲ್ಲಿಸಬೇಕೋ ತಿಳಿಯದೆ ಅದೇ ಶೋಕದ ಹಾಡನ್ನು ಊದುತ್ತಲೇ ಇದ್ದರು. ಕೊನೆಗೆ ಉಮಾಪತಿ, ‘ನಿಲ್ಸ್ರೋ ಸಾಕು!’ ಅಂತ ಕಿರುಚಿದ. ಗುಂಪಿನ ಹಿಂದಿನಿಂದ ಮೇಸ್ತ್ರಿ ಮುನಿತಿಮ್ಮ ಮುಂದೆ ಬಂದು, ತಲೆ ಒಂದು ಕಡೆ ವಾಲಿಸಿ ನಾಯಿಯ ಉದ್ದ ಅಳೆದ. ‘ಹೊಸ್ತಿಲ ಮೇಲೆ ಕಟ್ಟೋದು ಸ್ವಲ್ಪ ಕಷ್ಟ ಆಯ್ತದೆ ಅಮ್ಮಾವ್ರೆ. ಬಾಗಿಲು ಹಾಕಕ್ಕಾಗಕಿಲ್ಲ, ಬಂದೋರು ಹತ್ತಿ ಇಳೀಬೇಕಾಯ್ತದೆ. ಎರಡು ಮೆಟ್ಟಲು ಕೊಡ್ಲಾ?’ ಅಂತ ವಿನಯದಿಂದ ಕೇಳಿದ. ಅಕ್ಕ ಅವನ ಮೇಲೆ ಉರಿದು ಬಿದ್ದಳು. ಬಾಗಿಲು ನಿಜವಾಗಿಯೂ ಮುಚ್ಚುತ್ತಿರಲಿಲ್ಲ, ನಾಯಿ ಅರ್ಧ ಒಳಗೆ, ಅರ್ಧ ಹೊರಗೆ ಇತ್ತು.

ಮಧ್ಯಾಹ್ನ ಯಾರೂ ಸರಿಯಾಗಿ ಉಣ್ಣಲಿಲ್ಲ, ನಾನು ಬಿಟ್ಟು. ಅಕ್ಕ ನನ್ನ ಎಲೆಯ ಮುಂದೆ ಬಂದು ಕೂತಳು. ಎಂದೂ ಇಲ್ಲದೆ ತುಪ್ಪ ಬಡಿಸಿದಳು. ಆಗಲೇ ಗೊತ್ತಾಯಿತು, ಏನೋ ಬರುತ್ತಿದೆ ಅಂತ.

‘ವಿರೂಪಾಕ್ಷಾ, ಅವಳನ್ನ ಕರ್ಕೊಂಡು ಬಾ.’

‘ಯಾರನ್ನ?’

‘ಯಾರನ್ನ ಅಂತೆ! ಆ ನಾಯಿಗೆ ಮೂರು ಹೊತ್ತೂ ಅವಳೇ ತಾನೇ ಸುರೀತಿದ್ದಳು, ಅವಳು ಎತ್ತುತ್ತಾಳೆ. ನಾಳೆ ಬೆಳಗಿನ ಜಾವ, ಬೀದೀಲಿ ಜನ ಏಳೋದ್ರೊಳಗೆ ಬರಬೇಕು. ಹಿಂದಿನ ಬಾಗಿಲಿಂದ ಬರಲಿ, ಎತ್ತಿ ಹಿತ್ತಲಲ್ಲಿ ಗುಂಡಿಗೆ ಹಾಕಲಿ, ಹಿಂದಿನ ಬಾಗಿಲಿಂದಲೇ ಹೋಗಲಿ. ಬೆಳಗಾದ ಮೇಲೆ ನಾವು ಹೇಳ್ತೀವಿ, ಉಮಾಪತಿ ದುಃಖ ಇಳಿದ ಮೇಲೆ ತಾನೇ ಎತ್ತಿದ ಅಂತ.’

‘ಅವಳು ಯಾಕೆ ಬರ್ತಾಳಕ್ಕ?’

‘ವಾಪಸು ಮನೆಗೆ ಸೇರಿಸ್ಕೋತಾರೆ ಅನ್ನೋ ಹಾಗೆ ಮಾತಾಡು. ಸೇರಿಸ್ಕೋತಾರೆ ಅಂತ ಹೇಳಬೇಡ, ಅನ್ನೋ ಹಾಗೆ ಮಾತಾಡು. ತಿಳೀತಾ?’

‘ಹೌದಕ್ಕ’ ಅಂದೆ. ತುಪ್ಪ ಚೆನ್ನಾಗಿತ್ತು.

ನಳಿನಿಯ ತವರು ಊರಿನ ಇನ್ನೊಂದು ತುದಿಯಲ್ಲಿ, ಎಣ್ಣೆ ಗಾಣದ ಹಿಂದೆ. ಅವಳ ತಾಯಿ ಬಸಲಿಂಗಮ್ಮ ಹಪ್ಪಳ ಮಾಡಿ ಮಾರುತ್ತಾರೆ. ನಾನು ಹೋದಾಗ ಹಂಚಿನ ಮೇಲಿಂದ ಒಣಗಿದ ಹಪ್ಪಳ ಇಳಿಸುತ್ತಿದ್ದರು. ನನ್ನ ಕೈಯಲ್ಲಿ ಅಕ್ಕ ಕೊಟ್ಟ ಬಾಳೆಹಣ್ಣಿನ ಚಿಪ್ಪು. ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

‘ಏನಣ್ಣಾವ್ರೆ, ದಾರಿ ತಪ್ಪಿ ಬಂದ್ರಾ? ನಮ್ಮ ಹುಡುಗಿ ಕಾಲು ಇಟ್ಟಲ್ಲೆಲ್ಲ ಕೆಡುತ್ತಂತೆ. ಹಣ್ಣು ಕೆಟ್ಟೀತು, ಹುಷಾರು’ ಅಂದರು.

ಹಲ್ಲು ಕಿರಿದೆ. ನಳಿನಿ ಒಳಗಿಂದ ಬಂದಳು. ಕೈಯೆಲ್ಲ ಉದ್ದಿನ ಹಿಟ್ಟು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ನಯದ ಮಾತುಗಳು ಮರೆತುಹೋದವು. ‘ಸುಬೇದಾರ ಹೋಗಿಬಿಟ್ಟ ಕಣಮ್ಮ’ ಅಂದೆ.

ಅವಳು ನಿಂತಲ್ಲೇ ಕುಕ್ಕರಿಸಿ ಕೂತಳು. ಹಿಟ್ಟಿನ ಕೈಯನ್ನೇ ಮುಖಕ್ಕೆ ಹಚ್ಚಿಕೊಂಡು ಅತ್ತಳು. ಆಟೋ ಹತ್ತುವಾಗಲೂ ಅತ್ತಿರದ ಹುಡುಗಿ. ಬಸಲಿಂಗಮ್ಮ ಹಪ್ಪಳದ ಮೊರ ಕೆಳಗಿಟ್ಟು ಅವಳ ಬೆನ್ನು ಸವರಿದರು. ನಳಿನಿ ಮೂಗು ಒರೆಸಿಕೊಂಡು, ‘ಎಲ್ಲಿ?’ ಅಂದಳು. ಹೊಸ್ತಿಲ ಮೇಲೆ, ಬೀದಿ ಕಡೆ ಮುಖ ಮಾಡಿಕೊಂಡು ಅಂದೆ. ಬ್ಯಾಂಡಿನ ವಿಷಯ ಹೇಳಿದೆ, ಪಂಚೆ ಹರಿದದ್ದನ್ನೂ ಹೇಳಿದೆ. ಅಳುವಿನ ಮಧ್ಯೆಯೇ ಅವಳಿಗೆ ನಗು ಬಂತು. ಆಮೇಲೆ ಅಕ್ಕ ಹೇಳಿಕೊಟ್ಟದ್ದನ್ನೂ ಒಂದಕ್ಷರ ಬಿಡದೆ ಹೇಳಿಬಿಟ್ಟೆ, ಬೆಳಗಿನ ಜಾವ, ಹಿಂದಿನ ಬಾಗಿಲು, ಸೇರಿಸಿಕೊಳ್ಳುತ್ತಾರೆ ‘ಅನ್ನೋ ಹಾಗೆ’, ಎಲ್ಲ. ಡಿಪೋದವರು ಬರುವುದನ್ನೂ ಸೇರಿಸಿ.

‘ಮನೆ ಆಳೋಕೆ ಒಬ್ಬಳು, ಹೆಣ ಹೊರೋಕೆ ಒಬ್ಬಳು. ಹೋಗಬೇಡ ಕಣೇ’ ಅಂದರು ಬಸಲಿಂಗಮ್ಮ.

‘ಹೋಗ್ತೀನಮ್ಮ. ಅವನನ್ನ ನೋಡಬೇಕು’ ಅಂದಳು ನಳಿನಿ.

ಮರುದಿನ ನಸುಕಿನಲ್ಲಿ ಅವಳನ್ನು ಹಿಂದಿನ ಬಾಗಿಲಿಂದ ಕರೆತಂದೆ. ಅಕ್ಕ ಹಾಲು ಕಾಯಿಸಿ ಇಟ್ಟಿದ್ದಳು. ‘ಬಾಮ್ಮ, ಎಷ್ಟು ಇಳಿದುಹೋಗಿದೀಯೇ!’ ಅಂತ ಗಲ್ಲ ಹಿಡಿದಳು. ಉಮಾಪತಿ ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತಿದ್ದ, ಹೆಂಡತಿಯ ಕಡೆ ತಿರುಗಲಿಲ್ಲ. ನಳಿನಿ ನಡುಮನೆ ದಾಟಿ ಹೊಸ್ತಿಲ ಹತ್ತಿರ ಕೂತಳು. ನಿನ್ನೆಯ ಹಾರವನ್ನು ತೆಗೆದು ಪಕ್ಕಕ್ಕಿಟ್ಟಳು. ಜೋಲು ಕಿವಿಯನ್ನು ಮಡಿಚಿ ಒಳಗೆ ನೋಡಿದಳು, ಉಣ್ಣೆ ಇದೆಯೇ ಅಂತ, ಸತ್ತ ನಾಯಿಯ ಕಿವಿಯಲ್ಲಿ! ಆಮೇಲೆ ಕೈ ಕೊಟ್ಟಳು.

ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಅಕ್ಕ, ಉಮಾಪತಿ ಹಿಂದೆ ಇದ್ದರು, ಅವರಿಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಸುಬೇದಾರ ಮೇಲೆದ್ದ. ಹೊಸ್ತಿಲಿಗೂ ಅವನ ಹೊಟ್ಟೆಗೂ ನಡುವೆ ಒಂದು ಗೇಣು ಬೆಳಕು ಕಂಡೆ. ಅವಳ ತೋಳಿಗೆ ಒಂದಿಷ್ಟೂ ಭಾರವಿದ್ದಂತೆ ಕಾಣಲಿಲ್ಲ. ಒಂದು ಗಳಿಗೆ ಅವನ ತಲೆಗೆ ತನ್ನ ಗಲ್ಲ ಒತ್ತಿದಳು. ಆಮೇಲೆ ಮಲಗಿದ್ದ ಹಾಗೆಯೇ, ಬೀದಿಯ ಕಡೆ ಮುಖ ಮಾಡಿ ಇಳಿಸಿಬಿಟ್ಟಳು. ಎದ್ದು ಸೆರಗು ಕೊಡವಿಕೊಂಡು, ‘ಆಗ್ತಿಲ್ಲ ಅತ್ತೆ’ ಅಂದಳು.

‘ಆಗ್ತಿಲ್ವಾ? ಸರಿಯಾಗಿ ಎತ್ತೇ! ಬೇಕಂತ ಮಾಡ್ತಿದೀಯ!’

‘ನನ್ನ ಕಾಲ್ಗುಣದ ಹಾಗೆ ಕೈಗುಣವೂ ಸರಿಯಿಲ್ಲವೇನೋ ಅತ್ತೆ’ ಅಂದು ಹಿಂದಿನ ಬಾಗಿಲಿಂದ ಹೊರಟಳು. ಹಾಲು ಹಾಗೇ ಆರಿತು.

ನಾನು ಗಲ್ಲಿಯ ತನಕ ಅವಳ ಹಿಂದೆ ಹೋದೆ. ‘ನೋಡಿದೆ ಕಣಮ್ಮ ನಾನು. ಎತ್ತಿದೆ ನೀನು’ ಅಂದೆ.

‘ನೋಡಿದ್ರೆ ಹೋಗಿ ಹೇಳಿ ಮಾವ.’

‘ಹೇಳೋದಾದ್ರೆ ಅಲ್ಲೇ ಹೇಳ್ತಿರಲಿಲ್ವಾ? ಯಾಕೆ ಇಳಿಸಿದೆ?’

‘ಎತ್ತೋದು ನಾನು, ಎತ್ತಿದ್ದು ಅವರು ಅಂತ ಹೇಳಿಕೊಳ್ಳೋದಾ? ಅವನಿಗೆ ಅಷ್ಟು ಜ್ವರ ಬಂದಾಗ ಒಂದು ದಿನ ಮುಟ್ಟಿ ನೋಡಲಿಲ್ಲ ಅವರು. ಕದ್ದ ಮಾಲು ಸಾಗಿಸೋ ಹಾಗೆ ಕತ್ತಲಲ್ಲಿ ಹೊತ್ಕೊಂಡು ಹೋಗಿ ಗುಂಡಿಗೆ ಹಾಕೋಕೆ ನನಗೆ ಮನಸ್ಸಾಗಲಿಲ್ಲ ಮಾವ. ನನ್ನನ್ನ ಹಾಗೆ ಕಳಿಸಿದ್ದು ಸಾಲದಾ, ಅವನನ್ನೂ ಹಾಗೇ ಕಳಿಸಬೇಕಾ?’ ಅಂದಳು.

ಬೆಳಗಾಯಿತು. ಬಿಸಿ ತುಪ್ಪ ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಬೀಗರಾಗುವವರು ಬರುವ ಹೊತ್ತು. ಅಕ್ಕ ಸೋಲುವವಳಲ್ಲ. ತನ್ನ ಮದುವೆಯ ಧರ್ಮಾವರದ ಸೀರೆ ತೆಗೆದು ಮುಂಬಾಗಿಲಿಗೆ ಪರದೆ ಕಟ್ಟಿಸಿದಳು. ಅದರ ಮೇಲೆ ಮಲ್ಲಿಗೆ ಮಾಲೆ ಇಳಿಬಿಡಿಸಿದಳು. ಊದುಬತ್ತಿ ಕಟ್ಟುಕಟ್ಟೇ ಹಚ್ಚಿಸಿದಳು. ರುದ್ರಾರಾಧ್ಯರು, ಅವರ ತಾಯಿ, ಮಗಳು ವಿನುತ ಬಂದಿಳಿದಾಗ ನಾನು ಅವರನ್ನು ಪಕ್ಕದ ಗಲ್ಲಿಯಿಂದ, ಸೌದೆ ರಾಶಿ ದಾಟಿಸಿ, ಬಚ್ಚಲ ಕಾಲುವೆ ಹಾರಿಸಿ ಒಳಗೆ ಕರೆತಂದೆ. ‘ಇವತ್ತು ಮುಂಬಾಗಿಲಿಂದ ಬರೋದು ಶ್ರೇಷ್ಠ ಅಲ್ಲವಂತೆ, ಶಾಸ್ತ್ರದವರು ಹೇಳಿದ್ದಾರೆ’ ಅಂತ ಅಕ್ಕ ಕಲಿಸಿದ್ದನ್ನು ಒಪ್ಪಿಸಿದೆ. ರುದ್ರಾರಾಧ್ಯರು ಶಾಸ್ತ್ರಕ್ಕೆ ಗೌರವ ಕೊಟ್ಟು ಚಪ್ಪಲಿಗೆ ಹತ್ತಿದ ಕೆಸರನ್ನು ಕಲ್ಲಿಗೆ ಉಜ್ಜಿದರು.

ಉಪ್ಪಿಟ್ಟು, ಕೇಸರಿಬಾತು ಬಂತು. ಉಮಾಪತಿ ಹೊಸ ಪಂಚೆಯಲ್ಲಿ ಕೂತು ಮೂಕಪ್ರಾಣಿಗಳ ಬಗ್ಗೆ ನಾಲ್ಕು ಮಾತಾಡಿದ. ವಿನುತ ತಲೆ ತಗ್ಗಿಸದೆ ಅವನನ್ನೇ ನೋಡುತ್ತಾ ಕೇಳಿಸಿಕೊಂಡಳು. ಅವಳ ಅಜ್ಜಿ ಮಾತ್ರ ಉಪ್ಪಿಟ್ಟು ಬಿಟ್ಟು ಪರದೆಯ ಬುಡವನ್ನೇ ನೋಡುತ್ತಿದ್ದರು.

‘ಆ ಬಾಲ ಯಾರದವ್ವಾ?’ ಅಂದರು.

ಸೀರೆಯ ಅಂಚಿನ ಕೆಳಗೆ ಸುಬೇದಾರನ ಬಾಲ ಚಾಚಿಕೊಂಡಿತ್ತು. ಅಕ್ಕನ ಮುಖ ಬಿಳುಚಿತು. ಅಷ್ಟರಲ್ಲಿ ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕರು. ‘ನಾಚಿಕೋಬ್ಯಾಡಿ ತಾಯಿ. ನಮ್ಮನೇಲೂ ಮೂರು ಕಟ್ಟೆ ಅವೆ. ಮೇಲೆ ಹಾಸಿಗೆ ಸುತ್ತಿಟ್ಟಿದೀವಿ, ಬಂದೋರಿಗೆ ಗೊತ್ತಾಗಕಿಲ್ಲ.’ ರುದ್ರಾರಾಧ್ಯರೂ ಗಂಟಲು ಸರಿಮಾಡಿಕೊಂಡು, ‘ಇದೆಲ್ಲ ಈಗಿನ ಕಾಲದಲ್ಲಿ ಯಾರು ನೋಡ್ತಾರೆ ಬಿಡಿ’ ಅಂದರು. ಅಕ್ಕನಿಗೆ ಹೋದ ಜೀವ ಬಂತು. ಇಂಥ ಸಮಾನಮನಸ್ಕರು ಸಿಗುತ್ತಾರೆ ಅಂತ ಅವಳು ಕನಸಲ್ಲೂ ಎಣಿಸಿರಲಿಲ್ಲ. ಕೇಸರಿಬಾತು ಎರಡನೇ ಸಲ ಬಡಿಸಿದಳು. ಮಾನಗೆಟ್ಟವರಿಗೆ ಮಾನಗೆಟ್ಟವರು ಜೊತೆಯಾದರೆ ಕಟ್ಟೆ ಯಾವ ಲೆಕ್ಕ! ತಾಂಬೂಲದ ತಟ್ಟೆ ಎಲ್ಲಿ ಅಂತ ಅಕ್ಕ ನನ್ನ ಕಡೆ ತಿರುಗಿದಳು.

ಬೀದಿಯಲ್ಲಿ ಸದ್ದು ಕೇಳಿದ್ದು ಆಗ. ಸದ್ದು ಅಂದರೆ, ಅಂಗಡಿಯವರು, ಗಿರಾಕಿಗಳು, ನಲ್ಲಿಯ ಮುಂದಿನ ಹೆಂಗಸರು ಎಲ್ಲರೂ ಒಟ್ಟಿಗೆ ಮಾತು ನಿಲ್ಲಿಸಿದ್ದು. ಧರ್ಮಾವರದ ಸೀರೆ ಪಕ್ಕಕ್ಕೆ ಸರಿಯಿತು. ಹೊರಗಿನ ಬಿಸಿಲು ನಡುಮನೆಗೆ ಬಿತ್ತು. ನಳಿನಿ ನಿಂತಿದ್ದಳು, ಎಣ್ಣೆ ಹಚ್ಚಿ ತಲೆ ಬಾಚಿ, ಹಣೆಗೆ ಕುಂಕುಮ ಇಟ್ಟು, ಮದುವೆಯಲ್ಲಿ ಉಟ್ಟಿದ್ದ ಹಸಿರು ಸೀರೆ ಉಟ್ಟು. ಅವಳ ಹಿಂದೆ ಬಸಲಿಂಗಮ್ಮ, ಅವರ ಹಿಂದೆ ಬೀದಿಗೆ ಬೀದಿಯೇ.

ನಳಿನಿ ನಮ್ಮ ಯಾರ ಕಡೆಯೂ ನೋಡಲಿಲ್ಲ. ಬಗ್ಗಿ, ಸುಬೇದಾರನನ್ನು ಎರಡು ಕೈಯಲ್ಲಿ ಎತ್ತಿ, ನಿದ್ದೆ ಹೋದ ಕೂಸನ್ನು ಹಾಕಿಕೊಳ್ಳುವ ಹಾಗೆ ಹೆಗಲಿಗೆ ಹಾಕಿಕೊಂಡಳು. ಜೋಲು ಕಿವಿ ಅವಳ ಬೆನ್ನ ಮೇಲೆ ಬಿತ್ತು. ಅದನ್ನು ನೋಡಿ ನಲ್ಲಿಯ ಹೆಂಗಸರಲ್ಲಿ ಯಾರೋ ‘ಅಯ್ಯೋ ನಮ್ಮವ್ವ!’ ಅಂದರು. ನಳಿನಿ ತಿರುಗಿ ಬೀದಿಯ ನಡುವೆಯೇ ನಡೆದು ಹೋದಳು. ಜನ ದಾರಿ ಬಿಟ್ಟರು. ಮುನಿತಿಮ್ಮ ತಲೆಗೆ ಸುತ್ತಿದ್ದ ಟವೆಲ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ನನ್ನೆದೆ ಉಬ್ಬಿ ಬಂತು. ಸಂತೋಷ ಅದು, ಸುಳ್ಳು ಯಾಕೆ ಹೇಳಲಿ?

ಮೊದಲು ಚೇತರಿಸಿಕೊಂಡವಳು ಅಕ್ಕನೇ. ‘ನೋಡಿದ್ರಾ, ಬಾಗಿಲೂ ಸಾಫಾಯ್ತು! ಎಲ್ಲ ಒಳ್ಳೆ ಶಕುನ’ ಅಂತ ತಟ್ಟೆಗೆ ವೀಳ್ಯದೆಲೆ ಜೋಡಿಸತೊಡಗಿದಳು.

‘ಅವರು ಯಾರು?’ ಅಂತ ಕೇಳಿದಳು ವಿನುತ. ಬಂದಾಗಿನಿಂದ ಅವಳು ಆಡಿದ ಮೊದಲನೆಯ ಮಾತು.

‘ಅವಳಾ? ಯಾರೋ ಕೆಲಸದವಳಮ್ಮ. ನಾಯಿಗೆ ಅನ್ನ ಹಾಕೋಕೆ ಇಟ್ಕೊಂಡಿದ್ವಿ’ ಅಂದಳು ಅಕ್ಕ.

ವಿನುತ ಉಮಾಪತಿಯ ಮುಖ ನೋಡಿದಳು. ಉಮಾಪತಿ ಕೇಸರಿಬಾತಿನ ದ್ರಾಕ್ಷಿಯನ್ನು ಚಮಚದಿಂದ ಹುಡುಕುತ್ತಿದ್ದ. ಭಾವನವರ ಮುಖ ನೋಡಿದಳು. ಭಾವನವರು ಒಳ್ಳೆಯವರು. ಕೊನೆಗೆ ನನ್ನ ಮುಖ ನೋಡಿದಳು. ಎರಡು ಹೊತ್ತಿನ ಊಟ, ಹಿಂದಿನ ಕೋಣೆಯ ಹಾಸಿಗೆ, ನಾಳೆಯಿಂದ ಮಲಗುವುದೆಲ್ಲಿ, ಎಲ್ಲ ಒಟ್ಟಿಗೆ ತಲೆಯಲ್ಲಿ ಬಂತು. ಅಕ್ಕ ಕಣ್ಣು ಅಗಲಿಸಿ ನನ್ನನ್ನೇ ನೋಡುತ್ತಿದ್ದಳು, ‘ಹೌದಕ್ಕ’ ಅನ್ನುವುದನ್ನು ಕಾಯುತ್ತಾ.

‘ಈ ಮನೆ ಸೊಸೆ ಕಣಮ್ಮ’ ಅಂದೆ. ‘ಇವನ ಹೆಂಡತಿ. ಕಲ್ಲು ಹೊಡೀತಿದ್ದಳು ಅಂತ ನಿಮ್ಮ ಮನೆಗೆ ಬಂದು ಹೇಳಿದವನು ನಾನೇ. ಸುಳ್ಳು ಹೇಳಿದೆ.’

ವಿನುತ ಎದ್ದಳು. ‘ಬಾ ಅಜ್ಜಿ’ ಅಂದು ಅಜ್ಜಿಯ ರಟ್ಟೆ ಹಿಡಿದು ಎಬ್ಬಿಸಿ, ಈಗ ತಾನೇ ತೆರವಾದ ಮುಂಬಾಗಿಲಿಂದ ಹೊಸ್ತಿಲು ದಾಟಿ ಹೋದಳು. ರುದ್ರಾರಾಧ್ಯರು, ‘ಹುಡುಗಿಗೆ ಬುದ್ಧಿ ಹೇಳ್ತೀನಿ, ಹೇಳಿ ಕಳಿಸ್ತೀನಿ’ ಅಂತ ಏನೇನೋ ತೊದಲುತ್ತಾ ಹಿಂದಿನ ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಯ ಕಡೆ ಓಡಿದರು.

ಅಕ್ಕ ತಾಂಬೂಲದ ತಟ್ಟೆ ನೆಲಕ್ಕೆ ಕುಕ್ಕಿದಳು. ಅಡಿಕೆ ಮನೆಯೆಲ್ಲ ಉರುಳಿತು. ‘ನನ್ನ ಉಪ್ಪು ತಿಂದು ನನಗೇ ಎರಡು ಬಗೆದೆಯಲ್ಲೋ ವಿರೂಪಾಕ್ಷಾ! ನಾಯಿಗಿರೋ ನಿಯತ್ತಾದರೂ ಬೇಡವೇನೋ ನಿನಗೆ?’ ಅಂತ ಕೂಗಿದಳು.

ನಾನು ಮೊಳೆಗೆ ನೇತುಹಾಕಿದ್ದ ನನ್ನ ಅಂಗಿಯನ್ನು ತೆಗೆದುಕೊಂಡೆ. ‘ನಾಯಿಯ ನಿಯತ್ತು ಯಾರ ಕಡೆ ಇತ್ತು ಅಂತ ಈಗ ತಾನೇ ಊರೆಲ್ಲ ನೋಡಿತಲ್ಲಕ್ಕ’ ಅಂದೆ.